ತೋನ್ಸೆಪಾರಿನ ಕಲ್ಲಿಗೆ ಎರಡು ವಯಸ್ಸು

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪದಲ್ಲಿ, ಊರವರ ಮಾತಿನಲ್ಲಿ ತೋನ್ಸೆಪಾರಿನಲ್ಲಿ, ಇಳಿದವರ ಕಣ್ಣಿಗೆ ಮೊದಲು ಬೀಳುವುದು ಒತ್ತೊತ್ತಾಗಿ ನಿಂತ ಕಲ್ಲಿನ ಕಂಬಗಳು. ಐದು, ಆರು, ಏಳು ಮುಖಗಳ ಈ ಕಂಬಗಳು ರಯೋಲೈಟ್ ಜಾತಿಯ ಜ್ವಾಲಾಮುಖಿ ಶಿಲೆಯವು. ಲಾವಾ ತಣಿಯುತ್ತ ಕುಗ್ಗಿದಾಗ ಮೇಲ್ಮೈಯಲ್ಲಿ ಮೂಡಿದ ಬಿರುಕುಗಳು ಒಳಕ್ಕೆ ಇಳಿದು ಅದನ್ನು ಹೀಗೆ ಸೀಳಿವೆ. ಭಾರತ ಮತ್ತು ಮಡಗಾಸ್ಕರ್ ಒಂದರಿಂದೊಂದು ಬೇರೆಯಾದ ಕಾಲದ ಸಾಕ್ಷಿಯೆಂದು ಭೂವಿಜ್ಞಾನಿಗಳು ಇವನ್ನು ಗಣಿಸುತ್ತಾರೆ. ಆ ಕಾಲ ಯಾವುದು ಎಂದು ಕೇಳಿದರೆ ಮಾತ್ರ ಕಲ್ಲು ಎರಡು ಉತ್ತರ ಕೊಡುತ್ತದೆ: ಯುರೇನಿಯಂ-ಸೀಸ ವಿಧಾನದಲ್ಲಿ ಸುಮಾರು 9 ಕೋಟಿ 10 ಲಕ್ಷ ವರ್ಷ, ಆರ್ಗಾನ್ ವಿಧಾನದಲ್ಲಿ ಸುಮಾರು 8 ಕೋಟಿ 60 ಲಕ್ಷ ವರ್ಷ.

ಇಷ್ಟು ಅಂತರವಿರುವ ಸಂಖ್ಯೆಗಳ ಸರಾಸರಿ ತೆಗೆದು ಕೈತೊಳೆದುಕೊಳ್ಳುವಂತಿಲ್ಲ, ಏಕೆಂದರೆ ಎರಡೂ ವಿಧಾನಗಳು ಅಳೆಯುವ ಘಟನೆ ಒಂದೇ ಆಗಿರಬೇಕಿಲ್ಲ. ಜಿರ್ಕಾನ್ ಎಂಬ ಪುಟ್ಟ ಹರಳು ಶಿಲಾದ್ರವದಲ್ಲಿ ಬೆಳೆಯುವಾಗ ಯುರೇನಿಯಮ್ಮನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಹಾಗಾಗಿ ಇಂದು ಅದರಲ್ಲಿ ಸಿಗುವ ಸೀಸ ಬಹುತೇಕ ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ಯುರೇನಿಯಂ-238ರ ಅರ್ಧಾಯು, ಅಂದರೆ ಅದರಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾಗುವ ಕಾಲ, 447 ಕೋಟಿ ವರ್ಷ, ಯುರೇನಿಯಂ-235ರದು 70 ಕೋಟಿ ವರ್ಷ. ಒಂದೇ ಹರಳಿನೊಳಗಿನ ಈ ಎರಡು ಗಡಿಯಾರಗಳು ಒಂದನ್ನೊಂದು ಪರೀಕ್ಷಿಸುವುದು ಈ ವಿಧಾನದ ದೊಡ್ಡ ಬಲ. ಪೊಟ್ಯಾಸಿಯಂ-40ರಿಂದ ಹುಟ್ಟುವ ಆರ್ಗಾನ್ ಅನಿಲವಾದ್ದರಿಂದ ಅದರ ಕಥೆ ಬೇರೆ. ಜಿರ್ಕಾನ್ 900 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಸೀಸವನ್ನು ಬಿಟ್ಟುಕೊಡದಿದ್ದರೆ, ಪೊಟ್ಯಾಸಿಯಂ ಇರುವ ಕಪ್ಪು ಅಭ್ರಕದಿಂದ ಸುಮಾರು 300 ಡಿಗ್ರಿಯಲ್ಲೇ ಆರ್ಗಾನ್ ಸೋರಿಹೋಗಬಲ್ಲದು. ಖನಿಜವೊಂದು ತನ್ನೊಳಗೆ ಕ್ಷಯದಿಂದ ಹುಟ್ಟಿದ ಸೀಸವನ್ನೋ ಆರ್ಗಾನನ್ನೋ ಹಿಡಿದಿಡಲು ತೊಡಗುವ ಈ ತಾಪವನ್ನು ತಣಿಯುವ ವೇಗದೊಂದಿಗೆ ಜೋಡಿಸುವ ಸಮೀಕರಣವನ್ನು 1973ರಲ್ಲಿ ಭೂವಿಜ್ಞಾನಿ ಡಾಡ್ಸನ್ ಕೊಟ್ಟರು. ಆಳದಲ್ಲಿ ನಿಧಾನವಾಗಿ ತಣಿದ ಶಿಲೆಗಳಲ್ಲಿ ಎರಡು ವಯಸ್ಸುಗಳ ಅಂತರವೇ ತಣಿದ ಇತಿಹಾಸವನ್ನು ಹೇಳುತ್ತದೆ.

ಹಾಗಾದರೆ ತೋನ್ಸೆಪಾರಿನ ಲಾವಾವೂ 50 ಲಕ್ಷ ವರ್ಷ ತಣಿಯುತ್ತ ಕುಳಿತಿತ್ತೇ? ಇಲ್ಲಿ ಗಣಿತ ಮಾದರಿ ನೆರವಿಗೆ ಬರುತ್ತದೆ. ಕಲ್ಲಿನಲ್ಲಿ ಶಾಖ ಒಂದು ಮೀಟರ್ ಹರಡಲು ಹತ್ತು-ಹನ್ನೆರಡು ದಿನ ಸಾಕು. ದೂರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟಾಗುತ್ತದೆ. ಈ ಲೆಕ್ಕದಲ್ಲಿ ಹತ್ತು ಮೀಟರಿಗೆ ಸುಮಾರು ಮೂರು ವರ್ಷ, ಮೂವತ್ತು ಮೀಟರಿಗೆ ಮೂವತ್ತು ವರ್ಷದ ಆಸುಪಾಸು. ಮಳೆನೀರು ಬಿರುಕಿಗಿಳಿದರೆ ಇನ್ನೂ ಬೇಗ. ಇಷ್ಟು ಸರಳವಾದ ಲೆಕ್ಕವೊಂದು ಒಂದು ವಿವರಣೆಯನ್ನು ಪೂರ್ತಿಯಾಗಿ ತಳ್ಳಿಹಾಕುವುದು ನನಗೆ ಈ ವಿಜ್ಞಾನದ ಅತ್ಯಂತ ಚೆಲುವಾದ ಭಾಗವಾಗಿ ಕಾಣುತ್ತದೆ.

ಉಳಿಯುವುದು ಬೇರೆ ಸಾಧ್ಯತೆಗಳು. ಜಿರ್ಕಾನ್ ಹರಳುಗಳು ಲಾವಾ ಉಕ್ಕುವುದಕ್ಕೆ ಬಹಳ ಮೊದಲೇ ನೆಲದಾಳದಲ್ಲಿ ಬೆಳೆದಿದ್ದಿರಬಹುದು. ಅಥವಾ ಕಲ್ಲು ಗಟ್ಟಿಯಾದ ಮೇಲೆ ನೀರಿನಿಂದ ಖನಿಜಗಳು ಶಿಥಿಲಗೊಂಡು ಆರ್ಗಾನ್ ಸೋರಿ, ವಯಸ್ಸು ಕಡಿಮೆಯಾಗಿ ಕಂಡಿರಬಹುದು. ಕರಾವಳಿಯ ಮಳೆ ಮತ್ತು ಉಪ್ಪುಗಾಳಿಯನ್ನು ಬಲ್ಲವರಿಗೆ ಎರಡನೆಯದನ್ನು ಕಡೆಗಣಿಸುವುದು ಕಷ್ಟ. ಮಡಗಾಸ್ಕರಿನ ಜ್ವಾಲಾಮುಖಿ ಶಿಲೆಗಳ ವಯಸ್ಸೂ ಸುಮಾರು 9 ಕೋಟಿ 20 ಲಕ್ಷದಿಂದ 8 ಕೋಟಿ 40 ಲಕ್ಷ ವರ್ಷಗಳವರೆಗೆ ಹರಡಿಕೊಂಡಿರುವುದರಿಂದ, ಅಲ್ಲಿನ ಹೋಲಿಕೆಯೊಂದರಿಂದಲೇ ತೀರ್ಪು ಕೊಡಲಾಗದು. ಶಿಥಿಲವಾಗದ ಒಂದೇ ಕಲ್ಲಿನ ತುಂಡಿನಿಂದ ಜಿರ್ಕಾನನ್ನೂ ಪೊಟ್ಯಾಸಿಯಂ ಖನಿಜವನ್ನೂ ಬೇರ್ಪಡಿಸಿ, ಎರಡೂ ವಿಧಾನಗಳಲ್ಲಿ ಅಳೆದು, ಆರ್ಗಾನನ್ನು ಹಂತಹಂತವಾಗಿ ಕಾಯಿಸಿ ಹೊರತೆಗೆಯುವಾಗ ಎಲ್ಲ ಹಂತಗಳೂ ಒಂದೇ ವಯಸ್ಸು ಹೇಳುತ್ತವೆಯೇ ಎಂದು ನೋಡುವುದೇ ಇದಕ್ಕಿರುವ ನೇರ ದಾರಿ.