ಶಿರಸಿ ಕಡೆ ಊಟಕ್ಕೆ ಕೂತಾಗ ‘ಬೇಡ’ ಅನ್ನೋದು ಹೇಗೆ?

ಪ್ರಶ್ನೆ: ಗೆಳೆಯನ ಮದುವೆಗೆ ಶಿರಸಿ ಹತ್ತಿರದ ಹಳ್ಳಿಗೆ ಹೊರಟಿದ್ದೇನೆ. ಹೋದ ಸಲ ಅವರ ಮನೆಯಲ್ಲಿ ಎಷ್ಟು ಬೇಡ ಅಂದ್ರೂ ಬಡಿಸಿದ್ರು. ಕೊನೆಗೆ ಎಲೆಯಲ್ಲೇ ಬಿಟ್ಟು ಎದ್ದೆ, ಬೇಜಾರಾಯ್ತು. ಬೇಡ ಅಂತ ಹೇಗೆ ಹೇಳಲಿ?

ಉತ್ತರ: ನಮ್ಮ ಕಡೆ ಹವ್ಯಕರ ಮನೆಗಳಲ್ಲಿ ಮೊದಲ ಸಲದ ‘ಬೇಡ’ ಲೆಕ್ಕಕ್ಕಿಲ್ಲ. ಅದು ದಾಕ್ಷಿಣ್ಯಕ್ಕೆ ಹೇಳಿದ್ದು ಅಂತಲೇ ತಿಳಿಯುತ್ತಾರೆ. ಬಡಿಸುವವರ ಊಟ ಇನ್ನೂ ಆಗಿರೋದಿಲ್ಲ, ನೆಂಟರ ಹಂತಿ (ಊಟದ ಸಾಲು) ಎದ್ದ ಮೇಲೇ ಅವರು ಕೂರೋದು, ಹಾಗಿರುವಾಗ ಮನೆಗೆ ಬಂದವರು ಅರೆಹೊಟ್ಟೆಯಲ್ಲಿ ಎದ್ದುಹೋದರೆ ಅವರಿಗೆ ತುತ್ತು ಇಳಿಯೋದಿಲ್ಲ. ನಮ್ಮ ಅತ್ತೆಯವರನ್ನೇ ನೋಡಿ. ಅನ್ನದ ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು, ಸಟ್ಟುಗವನ್ನು ಎಲೆಯ ಮೇಲೆ ಗೇಣೆತ್ತರದಲ್ಲಿ ನಿಲ್ಲಿಸಿ, “ಚೂರೇ ಚೂರು ಹಾಕ್ತಿ” ಅಂತ ಕಾಯುತ್ತಾರೆ. ನೀವು ಮುಖ ನೋಡಿ ನಕ್ಕಿರೋ, ಅನ್ನ ಬಿತ್ತು.

ಅದಕ್ಕೇ ಬಾಯಲ್ಲಿ ಹೇಳೋದರ ಜೊತೆ ಕೈ ಅಡ್ಡ ಹಿಡಿಯಿರಿ. ಎಲೆಯ ಮೇಲೆ ಸ್ವಲ್ಪ ಬಗ್ಗಿ, “ಅರ್ಧ ಸಟ್ಟುಗ ಸಾಕು” ಅನ್ನಿ. ಪೂರ್ತಿ ಬೇಡ ಅನ್ನೋದಕ್ಕಿಂತ ಅರ್ಧ ಕೇಳೋದೇ ಒಳ್ಳೇದು. ಬಡಿಸಿದವರಿಗೂ ಸಮಾಧಾನ, ನಿಮ್ಮ ಹೊಟ್ಟೆಗೂ ಸಮಾಧಾನ.

ಆದರೆ ನಿಮಗೆ ತೊಂದರೆ ಆಗಿದ್ದು ಬಹುಶಃ ಮೊದಲ ಅನ್ನದಲ್ಲೇ. ಇಲ್ಲಿ ಅನ್ನ ಒಂದೇ ಸಲ ಬರೋದಿಲ್ಲ. ಮೊದಲು ತಂಬುಳಿಗೆ, ಆಮೇಲೆ ಸಾರಿಗೆ, ಹುಳಿಗೆ, ಕೊನೆಗೆ ಮಜ್ಜಿಗೆಗೆ ಅಂತ ಮತ್ತೆ ಮತ್ತೆ ಬರ್ತಾ ಇರುತ್ತೆ. ನಡುವೆ ಸಿಹಿ ಬೇರೆ. ಗೊತ್ತಿಲ್ಲದವರು ತಂಬುಳಿಗೇ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ತಪ್ಪು ಅವರದ್ದಲ್ಲ, ಒಂದೆಲಗವನ್ನು ಕಾಯಿ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದ ತಂಬುಳಿ ಅಷ್ಟು ತಂಪಾಗಿರುತ್ತೆ, ಬಿಡೋಕೆ ಮನಸ್ಸೇ ಬರೋದಿಲ್ಲ. ಆದರೂ ಒಂದೊಂದಕ್ಕೂ ಎರಡು ಮೂರು ತುತ್ತಿನಷ್ಟೇ ಅನ್ನ ಹಾಕಿಸಿಕೊಳ್ಳಿ. ಅಪ್ಪೆಹುಳಿ ಇದ್ದರೆ ಅನ್ನಕ್ಕೆ ಕಲಸಲೇಬೇಕು ಅಂತಿಲ್ಲ, ಲೋಟದಲ್ಲಿ ಕೇಳಿ ಕುಡಿಯಿರಿ. ಹುಳಿಮಾವಿನಕಾಯಿ, ಇಂಗು, ಸಾಸಿವೆ ಒಗ್ಗರಣೆಯ ಆ ನೀರು ಊಟದ ಭಾರವನ್ನೇ ಇಳಿಸುತ್ತೆ.

ಸಾಕಾಯಿತು ಅನಿಸಿದಾಗ “ಮಜ್ಜಿಗೆ ಬರಲಿ” ಅನ್ನಿ. ಊಟ ಮುಗಿಯುತ್ತಾ ಬಂತು ಅಂತ ಅವರಿಗೇ ಗೊತ್ತಾಗುತ್ತೆ, ಆಮೇಲೆ ಒತ್ತಾಯ ಕಡಿಮೆ. ಮಜ್ಜಿಗೆ ಕುಡಿದ ಕೂಡಲೇ ಎದ್ದುಬಿಡಬೇಡಿ. ಪಕ್ಕದ ಅಜ್ಜ ಇನ್ನೂ ಹುಳಿಯನ್ನ ಕಲಸ್ತಾ ಇರಬಹುದು. “ಸಾವಕಾಶ ಊಟ ಮಾಡಿ” ಅಂತ ಮನೆಯವರು ಹಂತಿ ಉದ್ದಕ್ಕೂ ಹೇಳಿಕೊಂಡು ಬರೋದು ಬಾಯುಪಚಾರಕ್ಕಲ್ಲ. ಹಂತಿಯಲ್ಲಿ ಎಲ್ಲರ ಊಟ ಆದ ಮೇಲೇ ಏಳಿ. ಎಲೆ ಮಡಚೋದು, ತೆಗೆಯೋದು ಮನೆಯಿಂದ ಮನೆಗೆ ಬೇರೆ, ಪಕ್ಕದವರು ಮಾಡಿದ ಹಾಗೆ ಮಾಡಿ.

ಘಟ್ಟ ಇಳಿದು ಕಾರವಾರ, ಅಂಕೋಲೆ ಕಡೆ ಮೀನೂಟದ ಮನೆಗೆ ಹೋದರೆ ಅಡುಗೆ ಬೇರೆ, ಒತ್ತಾಯ ಮಾತ್ರ ಇದೇ. ಅಲ್ಲಿ ಮುಳ್ಳನ್ನು ತಟ್ಟೆಯ ಅಂಚಿಗೆ ಒಟ್ಟು ಮಾಡಿ, ಬಡಿಸುವವರಿಗೆ ಜಾಗ ಕಾಣುವ ಹಾಗಿರಲಿ. ಕೊನೆಗೆ ಬರೋದು ಕೋಕಂ ಮತ್ತು ತೆಂಗಿನ ಹಾಲಿನ ಸೋಲ್‌ಕಡಿ. ಅದಕ್ಕೊಂದಿಷ್ಟು ಜಾಗ ಉಳಿಸಿಕೊಳ್ಳಿ.

ಮದುವೆಮನೆಯಲ್ಲಿ ಕೈ ತೊಳೆದು ಬಂದ ಮೇಲೆ ಕವಳದ ತಟ್ಟೆ ಮುಂದೆ ಬರುತ್ತೆ. ವೀಳ್ಯದೆಲೆ, ಸುಣ್ಣ, ಮತ್ತೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ನಮ್ಮ ಶಿರಸಿ ಅಡಿಕೆ. ಅಭ್ಯಾಸ ಇಲ್ಲದಿದ್ದರೆ ಸುಮ್ನೆ ಬೇಡ ಅನ್ನಿ. ಕವಳಕ್ಕೆ ಯಾರೂ ಎರಡನೇ ಸಲ ಒತ್ತಾಯ ಮಾಡೋದಿಲ್ಲ.