ಪದ ಪರಿಚಯ: ಸ್ಪರ್ಶ ಚಿಕಿತ್ಸೆ

ಗರ್ಭಾವಸ್ಥೆಯ 37 ವಾರಗಳು ತುಂಬುವ ಮೊದಲೇ ಹುಟ್ಟಿದ ಶಿಶುವನ್ನು ಅಂಗೈಯ ಸ್ಪರ್ಶದಿಂದಲೂ, ಆರೋಗ್ಯ ಸ್ಥಿರಗೊಂಡ ಬಳಿಕ ಹದವಾಗಿ ಮೈ ನೀವುವುದರಿಂದಲೂ ಶಾಂತಗೊಳಿಸುವ ಆರೈಕೆಯನ್ನು ಸ್ಪರ್ಶ ಚಿಕಿತ್ಸೆ ಎನ್ನುತ್ತಾರೆ. ಇಂದ್ರಿಯಗಳ ಪೈಕಿ ಗರ್ಭದಲ್ಲಿ ಮೊದಲು ಬೆಳೆಯುವುದು ಸ್ಪರ್ಶಜ್ಞಾನ. ಕೈಕಾಲು ಮಡಚಿಕೊಂಡು ಗರ್ಭಕೋಶದ ಆವರಣದಲ್ಲಿ ಬೆಚ್ಚಗಿದ್ದ ಶಿಶು ತೀವ್ರ ನಿಗಾ ಘಟಕಕ್ಕೆ ಬಂದಾಗ, ಅದರ ಮೈಗೆ ತಾಗುವುದು ಬಹುಪಾಲು ಸೂಜಿ, ನಳಿಕೆ ಮತ್ತು ಚರ್ಮದಿಂದ ಕೀಳುವ ಅಂಟುಪಟ್ಟಿ. ಆಗ ಹೃದಯ ಬಡಿತ ಏರುತ್ತದೆ, ರಕ್ತದ ಆಮ್ಲಜನಕ ಇಳಿಯುತ್ತದೆ, ಬೆಳವಣಿಗೆಗೆ ಬೇಕಾದ ಶಕ್ತಿ ಒತ್ತಡ ತಾಳಿಕೊಳ್ಳುವುದಕ್ಕೇ ಖರ್ಚಾಗುತ್ತದೆ.

ಇಲ್ಲಿ ಸ್ಪರ್ಶವೆಂದರೆ ಸವರುವುದಲ್ಲ. ಬೆರಳ ತುದಿಯಿಂದ ಹಗುರವಾಗಿ ಸವರಿದರೆ ಇಂತಹ ಶಿಶುವಿಗೆ ಕಿರಿಕಿರಿಯಾಗುವುದೇ ಹೆಚ್ಚು. ಬೆಚ್ಚಗಿನ ಒಂದು ಅಂಗೈಯನ್ನು ತಲೆಯ ಮೇಲೂ ಇನ್ನೊಂದನ್ನು ಮಡಚಿದ ಪಾದಗಳ ಮೇಲೂ ಇಟ್ಟು ಅಲುಗಾಡಿಸದೆ ಹಿಡಿದಿರುವುದು ಮೊದಲ ಹೆಜ್ಜೆ. ಹಿಮ್ಮಡಿಗೆ ಚುಚ್ಚಿ ರಕ್ತ ತೆಗೆಯುವಾಗಲೂ ಹೀಗೆ ಹಿಡಿದರೆ ನೋವಿನ ಲಕ್ಷಣಗಳು ಕಡಿಮೆಯಾಗುತ್ತವೆ. ಮಗು ಬೆರಳುಗಳನ್ನು ಅಗಲಿಸಿ ಚಾಚಿದರೆ, ಬೆನ್ನು ಸೆಟೆಸಿದರೆ, ಪದೇಪದೇ ಬಿಕ್ಕಳಿಸಿದರೆ ಅಥವಾ ಅದರ ಮೈಬಣ್ಣ ಬದಲಾದರೆ ಸಾಕೆಂದು ತಿಳಿಯಬೇಕು. ಈ ಸೂಚನೆಗಳನ್ನು ಓದಲು ಬಾರದ ಕೈ ಎಷ್ಟೇ ಪ್ರೀತಿಯದಾಗಿದ್ದರೂ ಚಿಕಿತ್ಸೆಯ ಕೈಯಾಗದು.

ಮೈ ನೀವುವ ವಿಧಾನದ ಬಗೆಗೆ ಅಮೆರಿಕದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾಗಿದೆ. ದಿನಕ್ಕೆ 15 ನಿಮಿಷಗಳಂತೆ ಮೂರು ಬಾರಿ, 10 ದಿನಗಳ ಕಾಲ ಮೈ ನೀವಿ, ಕೈಕಾಲುಗಳನ್ನು ಮೆಲ್ಲನೆ ಮಡಚಿ ಬಿಡಿಸಿದ ಶಿಶುಗಳ ತೂಕ ಉಳಿದವುಗಳಿಗಿಂತ ಶೇ. 47ರಷ್ಟು ಹೆಚ್ಚು ಏರಿತು. ಆಸ್ಪತ್ರೆಯ ವಾಸವೂ ಸುಮಾರು ಆರು ದಿನ ತಗ್ಗಿತು. ಹದವಾದ ಒತ್ತಡ ಮಿದುಳಿನಿಂದ ಹೊಟ್ಟೆಯವರೆಗೆ ಸಾಗುವ ವೇಗಸ್ ನರವನ್ನು ಚುರುಕುಗೊಳಿಸುವುದರಿಂದ ಜಠರದ ಚಲನೆ ಹೆಚ್ಚಿ ತೂಕ ಏರುತ್ತದೆ ಎಂಬುದು ಅವರು ಮುಂದೆ ನೀಡಿದ ವಿವರಣೆ. ಆದರೆ ಇಂತಹ ಹಲವು ಅಧ್ಯಯನಗಳು ಚಿಕ್ಕವು. ಮಸಾಜ್ ಅನ್ನು ಪೂರಕ ಆರೈಕೆಯೆಂದು ಕಾಣುವುದೇ ಸರಿ.

ಇದಕ್ಕಿಂತ ಗಟ್ಟಿಯಾದ ಆಧಾರವಿರುವುದು ಕಾಂಗರೂ ಆರೈಕೆಗೆ. ತಾಯಿಯ ಬರಿ ಎದೆಗೆ ಮಗುವನ್ನು ಒರಗಿಸಿ ಕಟ್ಟುವ ಈ ಕ್ರಮ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಆರಂಭವಾಯಿತು. ಹುಟ್ಟಿದ ಕೂಡಲೇ ಅದನ್ನು ಶುರುಮಾಡಿದರೆ ಕಡಿಮೆ ತೂಕದ ನವಜಾತ ಶಿಶುಗಳ ಸಾವು ಸುಮಾರು ಕಾಲು ಭಾಗ ತಗ್ಗುತ್ತದೆ ಎಂದು ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸುವ ಪ್ರಯತ್ನ ನಡೆದಿದೆ.

ಎಣ್ಣೆ ತಿಕ್ಕಿ ಬಿಸಿನೀರು ಎರೆಯುವ ನಮ್ಮ ಮನೆಗಳ ಪದ್ಧತಿಯನ್ನು ಇದರೊಂದಿಗೆ ಬೆರೆಸಬಾರದು. ದಿನ ತುಂಬದ ಮಗುವಿನ ಚರ್ಮ ಬಹಳ ತೆಳುವಾಗಿದ್ದು, ಮೈ ಬೇಗ ತಣ್ಣಗಾಗುತ್ತದೆ. ಜೋರಾಗಿ ತಿಕ್ಕುವುದು, ಮೂಗು-ಕಿವಿಗೆ ಎಣ್ಣೆ ಬಿಡುವುದು ಅಪಾಯಕಾರಿ. ಎಣ್ಣೆ ಹಚ್ಚಬಹುದೇ, ಯಾವಾಗಿನಿಂದ, ಯಾವ ಎಣ್ಣೆ ಎಂಬುದನ್ನು ಮಗುವನ್ನು ನೋಡಿಕೊಳ್ಳುತ್ತಿರುವ ವೈದ್ಯರಲ್ಲಿಯೇ ಕೇಳಿ, ಹಿಡಿಯುವ ಮತ್ತು ನೀವುವ ಕ್ರಮವನ್ನು ದಾದಿಯರ ಎದುರಿನಲ್ಲಿ ಕಲಿತು ಮನೆಗೆ ಹೋಗಬೇಕು.