ಎಬಿಎಸ್‌ನಲ್ಲಿರುವ ‘ಬಿ’ ಬ್ರೇಕ್ ಅಲ್ಲ

ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ತಿರುಗುವುದೇ ನಿಂತುಹೋಗದಂತೆ ನೋಡಿಕೊಳ್ಳುವ ವ್ಯವಸ್ಥೆಗೆ ಎಬಿಎಸ್ ಅನ್ನುತ್ತಾರೆ. ಮೊನ್ನೆ ಹಳೆ ಕಾರೊಂದರ ಜಾಹೀರಾತು ನೋಡಿದೆ. ‘ಎಬಿಎಸ್ ಇದೆ’ ಅಂತ ದಪ್ಪಕ್ಷರದಲ್ಲಿ ಬರೆದು, ಸಾಕ್ಷಿಗೆ ಬಾನೆಟ್ ಎತ್ತಿದ ಫೋಟೋ ಹಾಕಿದ್ದಾರೆ. ಬಾಣದ ಗುರುತು ಹಾಕಿ ತೋರಿಸಿರುವುದು ಮಾತ್ರ ಬ್ರೇಕ್ ಬೂಸ್ಟರನ್ನು. ಪೆಡಲ್‌ನ ನೇರಕ್ಕೆ, ಎಂಜಿನ್ ಹಿಂದಿನ ತಗಡಿಗೆ ಅಂಟಿಕೊಂಡಂತೆ ಒಂದು ದೊಡ್ಡ ಕಪ್ಪು ದುಂಡನೆ ಡಬ್ಬಿ ಇರುತ್ತದಲ್ವಾ, ಅದು. ಕಾಲಿನ ಒತ್ತಡ ಹೆಚ್ಚಿಸುವುದಷ್ಟೇ ಅದರ ಕೆಲಸ. ಈ ತಪ್ಪನ್ನು ನೋಡುತ್ತಿರುವುದು ಇದು ಎಷ್ಟನೇ ಸಲವೋ. ಪೆಡಲ್ ಹಗುರವಾಗಿದ್ದರೆ ಎಬಿಎಸ್, ನಾಲ್ಕೂ ಗಾಲಿಗೆ ಡಿಸ್ಕ್ ಇದ್ದರೆ ಎಬಿಎಸ್, ಗಾಡಿ ಗಕ್ಕನೆ ನಿಂತರೆ ಎಬಿಎಸ್. ಚೆನ್ನಾಗಿರುವ ಬ್ರೇಕಿಗೆಲ್ಲ ಈಗ ಇದೇ ಹೆಸರು. ಬರೀ ಪದದ ತಕರಾರಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಇಲ್ಲದ ಎಬಿಎಸ್ಸನ್ನು ನಂಬಿಕೊಂಡು ಒದ್ದೆ ರಸ್ತೆಯಲ್ಲಿ ಪೆಡಲ್ ಅದುಮಿ ಹಿಡಿದವರ ಕಾರು ಸ್ಟೇರಿಂಗ್ ತಿರುಗಿಸಿದ ಕಡೆ ಹೋಗುವುದಿಲ್ಲ, ಜಾರಿದ ಕಡೆ ಹೋಗುತ್ತದೆ.

ಗೊಂದಲದ ಬೇರು ಹೆಸರಿನಲ್ಲೇ ಇದೆ. ‘ಆಂಟಿಲಾಕ್ ಬ್ರೇಕಿಂಗ್ ಸಿಸ್ಟಮ್’ ಅಂತ ಬಿಡಿಸಿ ಹೇಳುತ್ತೇವೆ. ಹಾಗಾದರೆ ‘ಲಾಕ್’ನ ‘ಎಲ್’ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಅದು ಮೊದಲಿಂದಲೂ ಇರಲಿಲ್ಲ. ಈ ಮೂರಕ್ಷರ ಜರ್ಮನ್ ಭಾಷೆಯ ‘ಆಂಟಿಬ್ಲಾಕೀರ್‌ಸಿಸ್ಟೇಮ್’ ಅನ್ನುವ ಒಂದೇ ಉದ್ದ ಪದದ್ದು. ‘ಬ್ಲಾಕೀರೆನ್’ ಅಂದರೆ ಅಲುಗಾಡದಂತೆ ಕಟ್ಟಿಹಾಕು, ಜಾಮ್ ಮಾಡು. ನಡುವಿನ ‘ಬಿ’ ಅದರದ್ದು. ಜರ್ಮನಿಯ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಬೆಂಝ್ ಎಸ್-ಕ್ಲಾಸ್ ಕಾರಿಗೆ ಬಂತು. ಇಂಗ್ಲಿಷಿನವರು ಅದೇ ಅಕ್ಷರಗಳಿಗೆ ತಮ್ಮ ಪದಗಳನ್ನು ಹೊಂದಿಸಿಕೊಂಡರು. ಹಾಗೆ ಹೊಂದಿಸುವಾಗ ‘ಬಿ’ ಹೋಗಿ ‘ಬ್ರೇಕ್’ ಆಯಿತು. ನಾವಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಎಬಿಎಸ್ ಬ್ರೇಕ್’ ಅಂತ ಎರಡೆರಡು ಸಲ ಬ್ರೇಕ್ ಸೇರಿಸಿದೆವು. ಹೀಗಾಗಿ ಇದು ಯಾವುದೋ ಜಾಸ್ತಿ ಶಕ್ತಿಯ ಬ್ರೇಕ್ ಅನ್ನುವ ಭಾವನೆ ಕೂತುಬಿಟ್ಟಿದೆ.

ಇದು ಬರೀ ಅಕ್ಷರದ ಕಥೆಯೂ ಅಲ್ಲ, ಹಳೆ ಕಾರು ಕೊಳ್ಳುವಾಗ ಕೆಲಸಕ್ಕೆ ಬರುತ್ತದೆ. 1980ರ ದಶಕದಲ್ಲಿ ಹೋಂಡಾ ತನ್ನ ಕಾರುಗಳಲ್ಲಿ ಇದನ್ನು ‘ಎ.ಎಲ್.ಬಿ.’ (ಆಂಟಿ ಲಾಕ್ ಬ್ರೇಕ್) ಅಂತ ಕರೆಯಿತು. ಹಳೆಯ ಅಮೆರಿಕನ್ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ದೀಪದ ಮೇಲೆ ‘ಆಂಟಿಲಾಕ್’ ಅಂತ ಪೂರ್ತಿ ಬರೆದಿರುವುದೂ ಉಂಟು. ‘ಎಬಿಎಸ್’ ಅಕ್ಷರವನ್ನೇ ಹುಡುಕುತ್ತಾ ಕೂತರೆ ಅಂಥ ಕಾರಿನಲ್ಲಿ ಇದ್ದದ್ದೂ ಕಾಣುವುದಿಲ್ಲ.

ಈಗ ‘ಲಾಕ್’ ಅಂದರೇನು ನೋಡಿ. ಕಾರು ಮುಂದೆ ಹೋಗುತ್ತಲೇ ಇದೆ, ಗಾಲಿ ಮಾತ್ರ ತಿರುಗುವುದನ್ನು ನಿಲ್ಲಿಸಿಬಿಟ್ಟಿದೆ. ಅದೇ ಲಾಕ್. ಉರುಳುವ ಟೈರಿಗೆ ಪಕ್ಕಕ್ಕೂ ಹಿಡಿತ ಇರುತ್ತದೆ, ಅದರಿಂದಲೇ ಸ್ಟೇರಿಂಗ್ ಕೆಲಸ ಮಾಡುವುದು. ಉಜ್ಜಿಕೊಂಡು ಹೋಗುವ ಟೈರಿಗೆ ಆ ಹಿಡಿತ ಉಳಿಯುವುದಿಲ್ಲ. ಯಾವುದೋ ಗಾಲಿ ಹೀಗೆ ನಿಲ್ಲುವ ಹಂತಕ್ಕೆ ಬಂತು ಅಂತ ಸೆನ್ಸರ್ ಹೇಳಿದ ಕೂಡಲೇ ಎಬಿಎಸ್ ಆ ಗಾಲಿಯ ಬ್ರೇಕಿನ ಒತ್ತಡ ಇಳಿಸುತ್ತದೆ. ಗಾಲಿ ಉರುಳಿತು ಅಂದರೆ ಮತ್ತೆ ಏರಿಸುತ್ತದೆ. ಸೆಕೆಂಡಿಗೆ ಹಲವು ಬಾರಿ ಹೀಗೆ ಬಿಡುತ್ತಾ ಹಿಡಿಯುತ್ತಾ ಹೋಗುತ್ತದೆ. ಗಮನಿಸಿ, ಎಬಿಎಸ್‌ನ ನಿಜವಾದ ಕಸುಬು ಬ್ರೇಕ್ ಬಿಡುವುದು. ಬೂಸ್ಟರ್ ನಿಮ್ಮ ಕಾಲಿನ ಒತ್ತಡವನ್ನು ಹೆಚ್ಚಿಸುತ್ತದೆ. ಎಬಿಎಸ್ ಅದೇ ಒತ್ತಡವನ್ನು ಬೇಕಾದಾಗ ಕಡಿಮೆ ಮಾಡುತ್ತದೆ. ಎರಡೂ ಒಂದೇ ಅನ್ನುವವರ ಜೊತೆ ನನಗೆ ತಾಳ್ಮೆ ಉಳಿದಿಲ್ಲ. ಸಡಿಲ ಜಲ್ಲಿಯ ಮೇಲೆ ಎಬಿಎಸ್ ಇರುವ ಕಾರು ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುವುದೂ ಉಂಟು. ಲಾಕ್ ಆದ ಗಾಲಿ ಜಲ್ಲಿಯನ್ನು ಮುಂದೆ ಗುಡ್ಡೆ ಹಾಕಿಕೊಂಡು ಅದಕ್ಕೇ ಆತುಕೊಂಡು ನಿಲ್ಲುತ್ತದೆ. ಉರುಳುವ ಗಾಲಿಗೆ ಆ ಅನುಕೂಲ ಇಲ್ಲ.

ಇಷ್ಟು ತಿಳಿದರೆ ಹಳೆ ಕಾರಿನಲ್ಲಿ ಎಲ್ಲಿ ನೋಡಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಒತ್ತಡ ಇಳಿಸಬೇಕಾದರೆ ಪೈಪುಗಳ ನಡುವೆ ಏನೋ ಕೂತಿರಲೇಬೇಕು. ಬೂಸ್ಟರ್ ಮುಂದಿರುವ ಮಾಸ್ಟರ್ ಸಿಲಿಂಡರಿನಿಂದ, ಅಂದರೆ ಬ್ರೇಕ್ ಆಯಿಲ್ ಡಬ್ಬಿಯ ಕೆಳಗಿಂದ, ಹೊರಡುವ ಸಣ್ಣ ಲೋಹದ ಪೈಪುಗಳನ್ನು ಕಣ್ಣಲ್ಲೇ ಹಿಂಬಾಲಿಸಿ. ಎಬಿಎಸ್ ಇದ್ದರೆ ಅವು ಒಂದು ಅಲ್ಯೂಮಿನಿಯಂ ಗಟ್ಟಿಗೆ ಹೋಗಿ ಸೇರುತ್ತವೆ. ಅದಕ್ಕೊಂದು ಪುಟ್ಟ ಮೋಟರ್ ಅಂಟಿಕೊಂಡಿರುತ್ತದೆ, ದಪ್ಪನೆ ವೈರಿನ ಕಟ್ಟು ಬಂದು ಸೇರಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಎರಡು ಪೈಪು ಒಳಗೆ, ನಾಲ್ಕು ಹೊರಗೆ. ಹಿಂದಿನ ಎರಡು ಗಾಲಿಗೆ ಒಂದೇ ದಾರಿ ಇರುವ ಹಳೆಯ ವ್ಯವಸ್ಥೆಯಲ್ಲಿ ಹೊರಗೆ ಮೂರೇ ಇರಬಹುದು. ಎಬಿಎಸ್ ಇಲ್ಲದ ಕಾರಿನಲ್ಲಿ ಪೈಪುಗಳು ನೇರ ಗಾಲಿಗಳ ಕಡೆ ಹೋಗುತ್ತವೆ, ಇಲ್ಲವೇ ಮೋಟರ್ ಇಲ್ಲದ ಸಣ್ಣ ವಾಲ್ವ್ ಒಂದನ್ನು ಹಾದು ಹೋಗುತ್ತವೆ. ನನ್ನ ಪ್ರಕಾರ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಡ್ಯಾಶ್‌ಬೋರ್ಡಿನ ದೀಪ ಸುಲಭದ ಪರೀಕ್ಷೆ, ಆದರೆ ಮೋಸಕ್ಕೂ ಸುಲಭ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ತಿರುಗಿಸಿ. ಎಬಿಎಸ್‌ನ ಹಳದಿ ದೀಪ ಹೊತ್ತಿ, ಸಾಮಾನ್ಯವಾಗಿ ಕೆಲವು ಸೆಕೆಂಡಿನಲ್ಲಿ ತಾನೇ ಆರುತ್ತದೆ. ಕೆಲವು ಹಳೆ ಕಾರುಗಳಲ್ಲಿ ಗಾಡಿ ಸ್ವಲ್ಪ ಮುಂದೆ ಹೋದ ಮೇಲೆ ಆರುತ್ತದೆ. ಹೊತ್ತಿಯೇ ಉಳಿದರೆ ಎಬಿಎಸ್ ಇದೆ, ಕೆಟ್ಟಿದೆ. ಹೊತ್ತಲೇ ಇಲ್ಲ ಅಂದರೆ ಎಬಿಎಸ್ ಇಲ್ಲ, ಅಥವಾ ಕೆಟ್ಟಿರುವುದು ಕಾಣಬಾರದು ಅಂತ ಯಾರೋ ಬಲ್ಬ್ ಕಿತ್ತಿದ್ದಾರೆ. ಕೆಲವರು ಅದರ ವೈರನ್ನು ಎಂಜಿನ್ ಆಯಿಲ್ ದೀಪಕ್ಕೆ ಕಟ್ಟಿರುತ್ತಾರೆ. ಆಗ ಎರಡೂ ದೀಪ ಒಟ್ಟಿಗೇ ಹೊತ್ತಿ, ಎಂಜಿನ್ ಸ್ಟಾರ್ಟ್ ಆದಾಗ ಒಟ್ಟಿಗೇ ಆರುತ್ತವೆ. ಅಂಥದ್ದು ಕಂಡರೆ ಅನುಮಾನ ಪಡಿ. ಕೆಂಪು ಬ್ರೇಕ್ ದೀಪ ಬೇರೆ, ಅದು ಹ್ಯಾಂಡ್ ಬ್ರೇಕಿಗೆ ಮತ್ತು ಬ್ರೇಕ್ ಆಯಿಲ್ ಮಟ್ಟಕ್ಕೆ ಸಂಬಂಧಪಟ್ಟದ್ದು.

ಹಿಂಭಾಗದ ಸ್ಟಿಕ್ಕರನ್ನು ನಂಬಬೇಡಿ. ಫ್ಯೂಸ್ ಡಬ್ಬಿಯ ಮುಚ್ಚಳದ ಬರಹವನ್ನೂ ನಂಬಬೇಡಿ, ಎಲ್ಲ ಮಾದರಿಗೂ ಒಂದೇ ಮುಚ್ಚಳ ಹಾಕಿರುತ್ತಾರೆ. ಕಾರಿನ ವರ್ಷವೂ ಸಾಕ್ಷಿಯಲ್ಲ. ತುಂಬಾ ಕಾಲ ಎಬಿಎಸ್ ಅನ್ನುವುದು ಹೆಚ್ಚು ದುಡ್ಡು ಕೊಟ್ಟವರಿಗೆ ಮಾತ್ರ ಸಿಗುತ್ತಿತ್ತು. ಒಂದೇ ವರ್ಷದ ಒಂದೇ ಮಾದರಿಯ ಎರಡು ಕಾರಿನಲ್ಲಿ ಒಂದಕ್ಕಿದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಚಾಸಿ ನಂಬರ್ ಕೊಟ್ಟು ಕಂಪನಿಯ ಡೀಲರ್ ಬಳಿ ಕೇಳಿದರೆ ಆ ಕಾರು ಏನೇನು ಹಾಕಿಕೊಂಡು ಹೊರಬಂತು ಅನ್ನುವುದು ತಿಳಿಯುತ್ತದೆ.

ಗಾಲಿಯ ಹಿಂದೆ ಇಣುಕಿದರೆ ಬ್ರೇಕ್ ಹೋಸ್ ಜೊತೆಗೆ ತೆಳ್ಳನೆ ವೈರೊಂದು ಕಾಣಬೇಕು. ಅದು ಆಕ್ಸಲ್ ಹತ್ತಿರದ ಸೆನ್ಸರಿಗೆ ಹೋಗುತ್ತದೆ. ಹಳೆ ಕಾರುಗಳಲ್ಲಿ ಸೆನ್ಸರ್ ಎದುರಿಗೇ ಗಿಯರಿನಂತೆ ಹಲ್ಲುಗಳಿರುವ ಉಂಗುರ ಕಾಣುತ್ತದೆ. ವೈರ್ ಬ್ರೇಕ್ ಪ್ಯಾಡಿಗೆ ಹೋಗಿದ್ದರೆ ಅದು ಪ್ಯಾಡ್ ಸವೆದದ್ದನ್ನು ಹೇಳುವ ವೈರ್, ಮೋಸಹೋಗಬೇಡಿ. ಹಳೆ ಪಿಕಪ್ ಗಾಡಿಗಳಲ್ಲಿ ಹಿಂದಿನ ಗಾಲಿಗಳಿಗೆ ಮಾತ್ರ ಎಬಿಎಸ್ ಇದ್ದದ್ದುಂಟು. ಮಾರುವವರು ‘ಎಬಿಎಸ್ ಇದೆ’ ಅಂದಾಗ ಎಷ್ಟು ಗಾಲಿಗೆ ಅಂತಲೂ ಕೇಳಿ. ಮುಂದಿನ ಗಾಲಿ ಲಾಕ್ ಆದರೆ ಸ್ಟೇರಿಂಗ್ ಹೋಯಿತು ಅಂತಲೇ ಲೆಕ್ಕ.

ಕೊನೆಗೆ ಕಾಲಿನ ಪರೀಕ್ಷೆ. ಯಾರೂ ಇಲ್ಲದ ಖಾಲಿ ಮೈದಾನದಲ್ಲಿ, ನೆಲ ಒದ್ದೆಯಾಗಿದ್ದಾಗ, ಗಂಟೆಗೆ 30 ಕಿ.ಮೀ. ವೇಗದಿಂದ ಪೆಡಲನ್ನು ಪೂರ್ತಿ ಒತ್ತಿ ಹಿಡಿಯಿರಿ. ಕೆಲಸ ಮಾಡುವ ಎಬಿಎಸ್ ಇದ್ದರೆ ಪೆಡಲ್ ನಡುಗುತ್ತಾ ಪಾದಕ್ಕೆ ಕುಟ್ಟುತ್ತದೆ, ಬಾನೆಟ್ ಒಳಗಿಂದ ಗರ್ರ್ ಅನ್ನುತ್ತದೆ. ಇದನ್ನು ಮೊದಲ ಸಲ ಅನುಭವಿಸಿದ ಗೆಳೆಯರೊಬ್ಬರು ಬ್ರೇಕ್ ಕೆಟ್ಟಿತು ಅಂತ ಹೆದರಿ ಕಾಲೆತ್ತಿಬಿಟ್ಟಿದ್ದರು. ಕಾಲೆತ್ತಬೇಡಿ. ಬಿಡಬೇಕಾದಾಗ ಅದೇ ಬಿಡುತ್ತದೆ, ನೀವು ಒತ್ತಿಕೊಂಡೇ ಇರಿ, ಸ್ಟೇರಿಂಗ್ ತಿರುಗಿಸಿ.